ಕ್ರೈಸ್ತ ಯುವಜನ ಶಿಬಿರ: ಆತ್ಮಿಕ ಬೆಳವಣಿಗೆ ಮತ್ತು ಶಿಸ್ತಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿಬಿರಕ್ಕೆ ಹೊರಟಿರುವ ಯುವಕ ಯುವತಿಯರು, ಮಕ್ಕಳನ್ನು ಕಳಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಪೋಷಕರು, ಮೊದಲ ಸಲ ಶಿಬಿರ ನಡೆಸಲು ಮುಂದಾಗಿರುವ ಸಭೆಗಳು (ಚರ್ಚುಗಳು) ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳ ಹಿಂದೆ ಒಂದೇ ಅಳತೆಗೋಲಿದೆ: ಶಿಬಿರದಲ್ಲಿ ಕಲಿಸುವ ಯಾವುದೇ ಅಭ್ಯಾಸ ಮನೆಯಲ್ಲಿ, ಒಬ್ಬರೇ ಇರುವಾಗ, ಸಾಧಾರಣ ದಿನದಂದೂ ಮಾಡುವಂಥದ್ದಾಗಿರಬೇಕು.

ಸಭೆಯಲ್ಲಿ ಪ್ರತಿ ವಾರ ಯುವಜನರ ಕೂಟ ಇದ್ದೇ ಇದೆ. ಮತ್ತೆ ಶಿಬಿರ ಯಾಕೆ?

ವಾರದ ಕೂಟ ಒಂದು, ಒಂದೂವರೆ ಗಂಟೆಯದು. ಅಲ್ಲಿ ದೇವರ ವಾಕ್ಯ ಕೇಳುವುದಕ್ಕೆ ಸಮಯ ಸಿಗುತ್ತದೆ, ಕೇಳಿದ್ದನ್ನು ಮಾಡಿನೋಡುವುದಕ್ಕೆ ಸಿಗುವುದಿಲ್ಲ. ಶಿಬಿರದಲ್ಲಿ ಅದೇ ಯುವಕ ನಾಲ್ಕು ಬೆಳಗು ಸತ್ಯವೇದ (ಬೈಬಲ್) ತೆರೆಯುತ್ತಾನೆ, ನಾಲ್ಕು ರಾತ್ರಿ ಇತರರೊಂದಿಗೆ ಪ್ರಾರ್ಥಿಸುತ್ತಾನೆ, ತನಗಿಷ್ಟವಿಲ್ಲದವನ ಪಕ್ಕದಲ್ಲಿ ಕುಳಿತು ಊಟ ಮಾಡುತ್ತಾನೆ, ತನ್ನ ಪಾಳಿ ಬಂದಾಗ ತಟ್ಟೆ ತೊಳೆಯುತ್ತಾನೆ. ಪಾಠದಲ್ಲಿ ಕೇಳಿದ ತಾಳ್ಮೆ ಪಾತ್ರೆ ತೊಳೆಯುವ ಸಾಲಿನಲ್ಲಿ ಪರೀಕ್ಷೆಗೆ ಬರುತ್ತದೆ. ಯೇಸು ಶಿಷ್ಯರನ್ನು ಜನಜಂಗುಳಿಯಿಂದ ಬಿಡಿಸಿ ಏಕಾಂತ ಸ್ಥಳಕ್ಕೆ ಕರೆದದ್ದು ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿದೆ. ಶಿಬಿರದ ಮೂಲ ಆಲೋಚನೆಯೂ ಅದೇ.

ಇದೇನು ಹೊಸ ಪದ್ಧತಿಯಲ್ಲ. 1885ರಲ್ಲಿ ಸಮ್ನರ್ ಡಡ್ಲಿ ಎಂಬ ವೈಎಂಸಿಎ (ಕ್ರೈಸ್ತ ಯುವಜನ ಸಂಸ್ಥೆ) ಕಾರ್ಯಕರ್ತ ನ್ಯೂಯಾರ್ಕ್ ರಾಜ್ಯದ ಒಂದು ಕೆರೆಯ ದಡಕ್ಕೆ ಏಳು ಹುಡುಗರನ್ನು ಕರೆದುಕೊಂಡು ಹೋದರು. ಆಗ ಆರಂಭವಾದ ಶಿಬಿರ ಇಂದಿಗೂ ನಡೆಯುತ್ತಿದೆ. ಫ್ರಾನ್ಸಿನ ತೇಝೆ ಎಂಬ ಕ್ರೈಸ್ತ ಸನ್ಯಾಸಿ ಸಮುದಾಯದಲ್ಲಿ ಬೇರೆ ಬೇರೆ ದೇಶಗಳ ಯುವಜನರು ಒಂದು ವಾರ ತಂಗಿ, ದಿನಕ್ಕೆ ಮೂರು ಸಲ ಪ್ರಾರ್ಥನೆಗೆ ಸೇರುತ್ತಾರೆ.

ಎಷ್ಟು ದಿನದ ಶಿಬಿರ ಒಳ್ಳೆಯದು?

ಮೊದಲ ಸಲ ಹೋಗುವವರಿಗೆ ನಾಲ್ಕು ರಾತ್ರಿ. ಮೊದಲ ದಿನ ಜಾಗಕ್ಕೆ ಒಗ್ಗಿಕೊಳ್ಳುವುದರಲ್ಲಿ ಕಳೆಯುತ್ತದೆ, ಕೊನೆಯ ದಿನ ಚೀಲ ಕಟ್ಟುವುದರಲ್ಲಿ. ಎರಡೇ ರಾತ್ರಿಯದಾದರೆ ನಡುವೆ ಉಳಿಯುವುದು ಒಂದೇ ದಿನ. ಏಳು ರಾತ್ರಿ ಮೀರಿದರೆ ಮಕ್ಕಳಿಗಿಂತ ಮುಂಚೆ ನಾಯಕರು ದಣಿಯುತ್ತಾರೆ. ದಣಿದ ನಾಯಕ ಸಿಡುಕುತ್ತಾನೆ, ಅಲ್ಲಿಂದಾಚೆಗೆ ಶಿಸ್ತಿನ ಮಾತೆಲ್ಲ ಬರೀ ಗದರಿಕೆಯಾಗುತ್ತದೆ.

ಯಾವ ವಯಸ್ಸಿನವರು ಬರಬಹುದು?

13ರಿಂದ 17 ಒಂದು ಶಿಬಿರ, 18ರಿಂದ 25 ಇನ್ನೊಂದು. ಇವೆರಡನ್ನೂ ಬೆರೆಸಬಾರದು. ಹದಿನಾಲ್ಕರ ಹುಡುಗಿಗೂ ಇಪ್ಪತ್ತಮೂರರ ಯುವಕನಿಗೂ ಒಂದೇ ಪಾಠ ಹೊಂದುವುದಿಲ್ಲ, ಒಂದೇ ವಸತಿ ವ್ಯವಸ್ಥೆ ಸುರಕ್ಷಿತವೂ ಅಲ್ಲ.

ದಿನಚರಿ ಹೇಗಿರುತ್ತದೆ?

6:15ಕ್ಕೆ ಏಳುವುದು. 6:45ರಿಂದ 7:10ರವರೆಗೆ ವೈಯಕ್ತಿಕ ಧ್ಯಾನ. ತಿಂಡಿ, ಕೋಣೆ ಸ್ವಚ್ಛತೆ ಮುಗಿಸಿ 9ಕ್ಕೆ ಮುಖ್ಯ ಪಾಠ. 10:45ಕ್ಕೆ ಆರೇಳು ಜನರ ಸಣ್ಣ ಗುಂಪುಗಳಲ್ಲಿ ಅದೇ ವಾಕ್ಯಭಾಗದ ಚರ್ಚೆ. ಊಟದ ನಂತರ ಒಂದು ಗಂಟೆಗೂ ಹೆಚ್ಚು ಹೊತ್ತು ಕಡ್ಡಾಯ ವಿಶ್ರಾಂತಿ. 3ರಿಂದ 5 ಆಟ. 6:30ಕ್ಕೆ ಆರಾಧನೆ, 8ಕ್ಕೆ ಊಟ, 9ಕ್ಕೆ ಗುಂಪು ಪ್ರಾರ್ಥನೆ, 10ಕ್ಕೆ ದೀಪ ಆರಿಸುವುದು.

ಈ ಪಟ್ಟಿಯಲ್ಲಿ ಎಲ್ಲರೂ ಮೊದಲು ಮುರಿಯುವುದು ಕೊನೆಯದನ್ನೇ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಮಧ್ಯರಾತ್ರಿಯವರೆಗೆ ಆರಾಧನೆ ನಡೆಸಿ ಬೆಳಿಗ್ಗೆ 4:30ಕ್ಕೆ ಪ್ರಾರ್ಥನೆಗೆ ಎಬ್ಬಿಸುವುದನ್ನು ಕೆಲವರು ಭಕ್ತಿಯ ಗುರುತು ಎಂದುಕೊಳ್ಳುತ್ತಾರೆ. ಎರಡನೇ ದಿನಕ್ಕೆ ಮಕ್ಕಳು ಪಾಠದಲ್ಲಿ ತೂಕಡಿಸುತ್ತಾರೆ, ಮೂರನೇ ದಿನಕ್ಕೆ ಸಣ್ಣ ಮಾತಿಗೆ ಜಗಳ, ನಾಲ್ಕನೇ ರಾತ್ರಿ ಕಾರಣವಿಲ್ಲದೆ ಅಳು. ಆ ಅಳುವನ್ನು ಆತ್ಮಿಕ ಜಾಗೃತಿ ಎಂದು ಭಾವಿಸುವ ಅಪಾಯ ಬೇರೆ ಇದೆ. ನಿದ್ದೆಗೆಟ್ಟ ದೇಹದ ದಣಿವನ್ನು ದೇವರ ಕೆಲಸವೆಂದು ಕರೆಯುವುದು ದೇವರಿಗೂ ಆ ಮಕ್ಕಳಿಗೂ ಮಾಡುವ ಅನ್ಯಾಯ.

ಬೆಳಗಿನ ಧ್ಯಾನದಲ್ಲಿ ಏನು ಮಾಡಬೇಕು? ಸುಮ್ಮನೆ ಕುಳಿತರೆ ನಿದ್ದೆ ಬರುತ್ತದೆ.

ಬರಬಾರದ್ದೇನೂ ಅಲ್ಲ, ಆದರೆ ತಡೆಯುವ ದಾರಿಗಳಿವೆ. ಮುಖ ತೊಳೆದು, ನೀರು ಕುಡಿದು, ಹಾಸಿಗೆಯಿಂದ ದೂರ ಹೋಗಿ ಕುಳಿತುಕೊಳ್ಳಿ. ಕೈಯಲ್ಲಿ ಪೆನ್ನು ಇರಲಿ. 25 ನಿಮಿಷವನ್ನು ಹೀಗೆ ಹಂಚಿಕೊಳ್ಳಿ: 2 ನಿಮಿಷ ಮೌನ. 6 ನಿಮಿಷ ಓದು. ವಾಕ್ಯಭಾಗವನ್ನು ಎರಡು ಸಲ ಓದಬೇಕು, ಎರಡನೆಯ ಸಲ ತುಟಿ ಅಲುಗುವಂತೆ ಮೆಲ್ಲನೆ. 10 ನಿಮಿಷ ಬರವಣಿಗೆ. ಉಳಿದ 7 ನಿಮಿಷ ಪ್ರಾರ್ಥನೆ.

ಬರೆಯುವುದಕ್ಕೆ ಮೂರು ಪ್ರಶ್ನೆ ಸಾಕು. ಇಲ್ಲಿ ದೇವರ ಬಗ್ಗೆ ಏನು ತಿಳಿಯಿತು? ಇಲ್ಲಿರುವ ಜನರಲ್ಲಿ ನಾನು ಯಾರಂತೆ ಇದ್ದೇನೆ? ಇವತ್ತು ಸಂಜೆಯೊಳಗೆ ನಾನು ಮಾಡಬೇಕಾದ ಒಂದು ಕೆಲಸ ಯಾವುದು? ಮೂರನೆಯದಕ್ಕೆ ‘ಇನ್ನೂ ಹೆಚ್ಚು ಪ್ರೀತಿಸಬೇಕು’ ಎಂದು ಬರೆದರೆ ಅದು ಉತ್ತರವಾಗಲಿಲ್ಲ. ‘ನಿನ್ನೆ ಆಟದಲ್ಲಿ ಬೈದವನ ಹತ್ತಿರ ಊಟಕ್ಕೆ ಮುಂಚೆ ಹೋಗಿ ಕ್ಷಮೆ ಕೇಳುತ್ತೇನೆ’ ಎಂದು ಬರೆಯಿರಿ. ಯಾರಿಗೆ, ಯಾವಾಗ, ಏನು ಎಂಬ ಮೂರೂ ಅದರಲ್ಲಿವೆ.

ವಾಕ್ಯಭಾಗ ಚಿಕ್ಕದಿರಲಿ. ನಾಲ್ಕು ಬೆಳಗುಗಳಿಗೆ ಮಾರ್ಕನ ಸುವಾರ್ತೆಯಿಂದ ನಾವು ಸೂಚಿಸುವುದು ಇವನ್ನು: 1:35-39, ಮುಂಜಾನೆ ಕತ್ತಲಿರುವಾಗಲೇ ಯೇಸು ಪ್ರಾರ್ಥನೆಗೆ ಹೊರಟದ್ದು. 4:35-41, ಬಿರುಗಾಳಿ ಶಾಂತವಾದದ್ದು. 10:46-52, ಕುರುಡ ಬಾರ್ತಿಮಾಯ. 14:32-42, ಗೆತ್ಸೇಮನೆ. ಎಲ್ಲವೂ 5ರಿಂದ 11 ವಚನಗಳೊಳಗೆ ಮುಗಿಯುತ್ತವೆ. ಕೊನೆಯದರಲ್ಲಿ ಶಿಷ್ಯರು ಪ್ರಾರ್ಥನೆಯ ಹೊತ್ತಿನಲ್ಲಿ ನಿದ್ದೆಹೋಗುತ್ತಾರೆ. ನಾಲ್ಕನೇ ಬೆಳಿಗ್ಗೆ ಕಣ್ಣುಜ್ಜಿಕೊಂಡು ಓದುವವರಿಗೆ ಅದು ಹತ್ತಿರವಾಗುತ್ತದೆ.

ಹೊಸಬರಿಗೆ ದಿನಕ್ಕೆ ಮೂರು ಅಧ್ಯಾಯ ಓದಲು ಹೇಳುವುದು ಸಾಮಾನ್ಯವಾಗಿ ಆಗುವ ತಪ್ಪು. ಅವರು ಓದಿ ಮುಗಿಸುತ್ತಾರೆ, ಆದರೆ ಏನು ಓದಿದಿರಿ ಎಂದರೆ ಹೇಳಲು ಬರುವುದಿಲ್ಲ. ಮನೆಗೆ ಹೋದ ಮೇಲೆ ಒಂದು ದಿನ ತಪ್ಪಿದರೆ ಆರು ಅಧ್ಯಾಯ ಬಾಕಿ, ಮರುದಿನ ಒಂಬತ್ತು. ಅಲ್ಲಿಗೆ ಪುಸ್ತಕ ಮುಚ್ಚುತ್ತದೆ.

ನನಗೆ ಪ್ರಾರ್ಥನೆ ಮಾಡಲು ಬರುವುದಿಲ್ಲ. ಎಲ್ಲರ ಮುಂದೆ ಮಾಡಿಸುತ್ತಾರಾ?

ಮಾಡಿಸಬಾರದು. ಗುಂಪಿನಲ್ಲಿ ಸರದಿ ಬಂದಾಗ ಪಕ್ಕದವರ ಭುಜ ಮುಟ್ಟಿ ಸರದಿಯನ್ನು ಮುಂದಕ್ಕೆ ಕೊಡಬಹುದು ಎಂದು ಮೊದಲ ರಾತ್ರಿಯೇ ಎಲ್ಲರಿಗೂ ತಿಳಿಸಬೇಕು. ಕಲಿಯಬೇಕು ಎನ್ನುವವರು ಸತ್ಯವೇದದ 13ನೇ ಕೀರ್ತನೆಯಿಂದ ಶುರುಮಾಡಲಿ. ಆರೇ ವಚನ. ಮೊದಲ ಎರಡರಲ್ಲಿ ದೂರು, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ಇದೇ ಮೂರು ಹೆಜ್ಜೆಗಳಲ್ಲಿ ನಿಮ್ಮ ಮಾತನ್ನು ಬರೆಯಿರಿ, ಬರೆದದ್ದನ್ನು ದೇವರ ಮುಂದೆ ಓದಿ. ಅದು ಪೂರ್ತಿ ಪ್ರಾರ್ಥನೆಯೇ. ದೂರನ್ನು ಬಿಟ್ಟು ನೇರವಾಗಿ ಭರವಸೆಗೆ ಹಾರಬೇಡಿ, ಆ ಕೀರ್ತನೆಯಲ್ಲಿ ದಾವೀದನೂ ಹಾರಲಿಲ್ಲ.

ವಾಕ್ಯ ಕಂಠಪಾಠ ಎಷ್ಟು ಇರುತ್ತದೆ?

ದಿನಕ್ಕೆ ಒಂದು. ಇಪ್ಪತ್ತು ವಾಕ್ಯ ಒಪ್ಪಿಸಿ ಬಹುಮಾನ ಪಡೆದವರು ಮುಂದಿನ ತಿಂಗಳು ಎರಡನ್ನೂ ಹೇಳಲಾರರು. ಬೆಳಿಗ್ಗೆ ಕಲಿತದ್ದನ್ನು ಹತ್ತು ನಿಮಿಷ ಬಿಟ್ಟು, ಮತ್ತೆ ಸಂಜೆ, ಮತ್ತೆ ಮರುದಿನ ಬೆಳಿಗ್ಗೆ, ಆಮೇಲೆ ಮೂರನೇ ದಿನ ನೋಡದೆ ಹೇಳಬೇಕು. ವಾಕ್ಯದ ಮೊದಲೂ ಕೊನೆಯಲ್ಲೂ ಅಧ್ಯಾಯ ಮತ್ತು ವಚನ ಹೇಳುವುದು ರೂಢಿಯಾಗಲಿ, ಇಲ್ಲವಾದರೆ ಮಾತು ನೆನಪಿರುತ್ತದೆ, ಎಲ್ಲಿದೆ ಎಂಬುದು ಮರೆಯುತ್ತದೆ. ಕೀರ್ತನೆ 119:11, ಫಿಲಿಪ್ಪಿ 4:6, 1 ತಿಮೊಥೆಯ 4:12, ಪ್ರಲಾಪಗಳು 3:22 ಈ ವಯಸ್ಸಿನವರಿಗೆ ಒಳ್ಳೆಯ ಆಯ್ಕೆ.

ಮೊಬೈಲ್ ಕಿತ್ತುಕೊಳ್ಳುತ್ತಾರಂತೆ, ನಿಜವೇ?

ಹೆಚ್ಚಿನ ಶಿಬಿರಗಳಲ್ಲಿ ಬಂದ ಕೂಡಲೇ ಹೆಸರು ಬರೆದ ಲಕೋಟೆಯಲ್ಲಿ ಹಾಕಿ, ಸ್ವಿಚ್ ಆಫ್ ಮಾಡಿ, ಬೀಗ ಹಾಕಿ ಇಡುತ್ತಾರೆ. ಹೀಗೆ ಮಾಡುವುದಾದರೆ ಒಂದು ವಾರ ಮುಂಚೆಯೇ ತಿಳಿಸಬೇಕು. ಗೇಟಿನಲ್ಲಿ ದಿಢೀರನೆ ಕೇಳಿದರೆ ಕೆಲವರು ಹಳೆಯ ಫೋನು ಒಪ್ಪಿಸಿ ಇನ್ನೊಂದನ್ನು ಚೀಲದಲ್ಲಿ ಬಚ್ಚಿಡುತ್ತಾರೆ. ಶಿಬಿರ ಸುಳ್ಳಿನಿಂದ ಶುರುವಾಗುತ್ತದೆ.

ಫೋನು ಹೋದರೆ ಅಲಾರಂ, ಸತ್ಯವೇದದ ಆಪ್, ಟಾರ್ಚ್ ಮೂರೂ ಹೋಗುತ್ತವೆ. ಅವಕ್ಕೆ ಬದಲಿ ವ್ಯವಸ್ಥೆ ಇರಲೇಬೇಕು: ಅಚ್ಚಿನ ಸತ್ಯವೇದ, ಎಬ್ಬಿಸಲು ಗಂಟೆ, ಬ್ಯಾಟರಿ ಟಾರ್ಚ್. ಪೋಷಕರಿಗೆ ಹಗಲು ರಾತ್ರಿ ಎತ್ತುವ ಎರಡು ಸಂಖ್ಯೆ ಕೊಡಬೇಕು. ಮಧುಮೇಹ ಇರುವ ಕೆಲವರ ಸಕ್ಕರೆ ಮಾಪಕ ಫೋನಿಗೇ ಸಂದೇಶ ಕಳಿಸುತ್ತದೆ. ಅಂಥವರ ಫೋನನ್ನು ಯಾವ ನಿಯಮದ ಹೆಸರಿನಲ್ಲೂ ತೆಗೆದುಕೊಳ್ಳಬಾರದು.

ನಾಯಕರೂ ಮಕ್ಕಳ ಮುಂದೆ ಫೋನು ನೋಡಬಾರದು. ಇದನ್ನು ಪಾಲಿಸದಿದ್ದರೆ ಉಳಿದ ನಿಯಮಗಳಿಗೂ ಬೆಲೆ ಇರುವುದಿಲ್ಲ.

ಶಿಸ್ತು ಎಂದರೆ ಶಿಕ್ಷೆಯೇ? ನಿಯಮ ಮುರಿದರೆ ಏನಾಗುತ್ತದೆ?

ಅಪೊಸ್ತಲ ಪೌಲನು ತನ್ನ ಯುವ ಜೊತೆಗೆಲಸದವನಾದ ತಿಮೊಥೆಯನಿಗೆ ಭಕ್ತಿಯಲ್ಲಿ ಅಭ್ಯಾಸ ಮಾಡಿಕೊಳ್ಳಲು ಹೇಳುವಾಗ ಅದನ್ನು ದೇಹದ ವ್ಯಾಯಾಮದ ಪಕ್ಕದಲ್ಲಿಟ್ಟು ಮಾತಾಡುತ್ತಾನೆ. ಕೊರಿಂಥದವರಿಗೆ ಬರೆಯುವಾಗ ಓಟಗಾರನ ತರಬೇತಿಯನ್ನು ಎತ್ತಿಕೊಳ್ಳುತ್ತಾನೆ. ಶಿಬಿರದ ಶಿಸ್ತು ಆ ಜಾತಿಯದು: ಮುಂದೆ ಓಡುವುದಕ್ಕಾಗಿ ಇಂದಿನ ತಯಾರಿ. ಹಿಂದಿನ ತಪ್ಪಿಗೆ ಬೆಲೆ ವಸೂಲಿ ಮಾಡುವುದು ಅದರ ಕೆಲಸವಲ್ಲ.

ಆದ್ದರಿಂದ ಕೆಲವನ್ನು ಎಂದಿಗೂ ಮಾಡಬಾರದು. ಹೊಡೆಯುವುದು, ಬಿಸಿಲಿನಲ್ಲಿ ನಿಲ್ಲಿಸುವುದು, ಬಸ್ಕಿ ಹೊಡೆಸುವುದು, ಊಟ ತಪ್ಪಿಸುವುದು, ಎಲ್ಲರ ಮುಂದೆ ಹೆಸರು ಕೂಗಿ ನಾಚಿಸುವುದು. ಇವುಗಳ ಜೊತೆಗೆ ಇನ್ನೊಂದಿದೆ, ಅದನ್ನು ಎಷ್ಟೋ ಒಳ್ಳೆಯ ನಾಯಕರೂ ತಿಳಿಯದೆ ಮಾಡುತ್ತಾರೆ: ತಡವಾಗಿ ಬಂದವನಿಗೆ ಕೀರ್ತನೆ ಬರೆಯಲು ಹೇಳುವುದು, ಗಲಾಟೆ ಮಾಡಿದವನಿಗೆ ಹೆಚ್ಚು ಹೊತ್ತು ಪ್ರಾರ್ಥನೆ ಮಾಡಿಸುವುದು. ದಂಡವಾಗಿ ಬರೆದ ಕೀರ್ತನೆಯನ್ನು ಆ ಹುಡುಗ ಮುಂದೆ ಕಷ್ಟಕಾಲದಲ್ಲಿ ತಾನಾಗಿ ತೆರೆಯುವುದಿಲ್ಲ. ವಾಕ್ಯ ಮತ್ತು ಪ್ರಾರ್ಥನೆಯನ್ನು ದಂಡದ ಪಟ್ಟಿಯಿಂದ ಪೂರ್ತಿ ಹೊರಗಿಡಿ.

ನಿಯಮಗಳು ಏಳನ್ನು ಮೀರದಿರಲಿ, ಪ್ರತಿಯೊಂದಕ್ಕೂ ಒಂದು ಸಾಲಿನ ಕಾರಣವಿರಲಿ. ಕಾರಣ ಹೇಳಲಾಗದ ನಿಯಮವನ್ನು ಅಳಿಸಿಬಿಡಿ. ಮುರಿದಾಗ ಮೊದಲ ಸಲ ಗುಂಪಿನ ನಾಯಕ ಪಕ್ಕಕ್ಕೆ ಕರೆದು, ಇತರರಿಗೆ ಕಾಣುವ ಆದರೆ ಕೇಳಿಸದ ದೂರದಲ್ಲಿ, ನೆನಪಿಸುತ್ತಾರೆ. ಎರಡನೇ ಸಲ ಕುಳಿತು ಮಾತಾಡಿ, ಆದ ಹಾನಿಯನ್ನು ಸರಿಪಡಿಸುವ ಕೆಲಸ ಕೊಡುತ್ತಾರೆ: ಒಡೆದದ್ದನ್ನು ಜೋಡಿಸುವುದು, ನೋಯಿಸಿದವರಲ್ಲಿ ಕ್ಷಮೆ ಕೇಳುವುದು. ಮೂರನೇ ಸಲ ಶಿಬಿರದ ನಿರ್ದೇಶಕರು ಪೋಷಕರಿಗೆ ಫೋನು ಮಾಡುತ್ತಾರೆ. ಹಿಂಸೆ, ಮಾದಕ ವಸ್ತು, ಲೈಂಗಿಕ ಕಿರುಕುಳ ಈ ಮೆಟ್ಟಿಲುಗಳಿಗೆ ಕಾಯುವುದಿಲ್ಲ. ಅವಕ್ಕೆ ಅದೇ ದಿನ ಕ್ರಮ.

ಪದೇ ಪದೇ ತಪ್ಪು ಮಾಡುವವನ ನಿದ್ದೆ, ಊಟ, ಮನೆಯ ಸುದ್ದಿ ಮೊದಲು ವಿಚಾರಿಸಿ. ಹಠವೆಂದು ಕಂಡದ್ದು ಬಹಳ ಸಲ ಮನೆ ನೆನಪಿನ ಸಂಕಟವಾಗಿರುತ್ತದೆ.

ಉಪವಾಸ ಕಡ್ಡಾಯವೇ?

ಅಲ್ಲ. ಹದಿನೆಂಟರ ಕೆಳಗಿನವರಿಗೆ ಊಟ ಬಿಡಿಸುವ ಉಪವಾಸ ಬೇಡ. ಬದಲಿಗೆ ಒಂದು ದಿನ ಸಿಹಿ ಬಿಡುವುದು ಅಥವಾ ಮಧ್ಯಾಹ್ನದವರೆಗೆ ಮೌನವಾಗಿರುವುದು ಸಾಕು. ದೊಡ್ಡವರಲ್ಲೂ ಮಧುಮೇಹ ಇರುವವರು, ಊಟದ ಜೊತೆ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಹಿಂದೆ ಆಹಾರ ಸೇವನೆಯ ಮಾನಸಿಕ ತೊಂದರೆ ಇದ್ದವರು ಉಪವಾಸ ಮಾಡಬಾರದು. ಈ ಕೊನೆಯವರ ಬಗ್ಗೆ ನಾಯಕರಿಗೆ ಎಚ್ಚರ ಇರಬೇಕು, ಏಕೆಂದರೆ ಆ ಕಾಯಿಲೆ ಉಪವಾಸದ ಮರೆಯಲ್ಲಿ ಸುಲಭವಾಗಿ ಅಡಗುತ್ತದೆ. ಉಪವಾಸ ಮಾಡುವವರು ನೀರು ಬಿಡಬಾರದು. ಯಾರು ಮಾಡಿದರು, ಯಾರು ಮಾಡಲಿಲ್ಲ ಎಂದು ಕೈ ಎತ್ತಿಸುವುದು ಮತ್ತಾಯ 6ರಲ್ಲಿ ಯೇಸು ಬೇಡವೆಂದ ಪ್ರದರ್ಶನವೇ.

ಕೊನೆಯ ರಾತ್ರಿ ಎಲ್ಲರೂ ಅಳುತ್ತಾರೆ, ಮುಂದೆ ಬಂದು ಯೇಸುವಿಗೆ ಜೀವಿತ ಒಪ್ಪಿಸಿಕೊಡುತ್ತಾರೆ. ನನಗೆ ಏನೂ ಅನ್ನಿಸದಿದ್ದರೆ?

ಅದರಿಂದ ನಿಮ್ಮ ವಿಶ್ವಾಸದ ಅಳತೆ ಆಗುವುದಿಲ್ಲ. ಕಣ್ಣೀರು ಕೆಲವರಿಗೆ ಬೇಗ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ನಿಮಗೆ ಅನ್ನಿಸದ್ದನ್ನು ಅನ್ನಿಸಿತೆಂದು ತೋರಿಸಬೇಡಿ. ಕುಳಿತಲ್ಲೇ ಕುಳಿತು, ಅಂದು ಓದಿದ ವಾಕ್ಯಕ್ಕೆ ಪ್ರಾಮಾಣಿಕವಾದ ಒಂದು ಸಾಲಿನ ಉತ್ತರ ಕೊಟ್ಟರೆ ಸಾಕು.

ನಡೆಸುವವರಿಗೆ ಇಲ್ಲಿ ಹೆಚ್ಚಿನ ಹೊಣೆಯಿದೆ. ದೀಪ ಮಂದಗೊಳಿಸಿ, ಒಂದೇ ಸ್ವರವನ್ನು ಇಪ್ಪತ್ತು ನಿಮಿಷ ನುಡಿಸುತ್ತ, ಇನ್ನೂ ಒಬ್ಬರು ಇದ್ದಾರೆ, ಇನ್ನೂ ಒಬ್ಬರು ಎಂದು ಕರೆಯುತ್ತ ಹೋದರೆ ಗೆಳೆಯರು ಎದ್ದರೆಂದೇ ಎದ್ದು ಬರುವವರು ಇರುತ್ತಾರೆ. ಕರೆ ಸ್ಪಷ್ಟವಾಗಿರಲಿ, ಚಿಕ್ಕದಿರಲಿ, ಒಂದೇ ಸಲ ಇರಲಿ. ಕೊನೆಯ ರಾತ್ರಿಗಿಂತ ಅದರ ಹಿಂದಿನ ರಾತ್ರಿ ಇಡುವುದು ಉತ್ತಮ. ಆಗ ಮರುದಿನ ಹಗಲು ಬೆಳಕಿನಲ್ಲಿ, ತಿಂಡಿ ತಿಂದು, ಗುಂಪಿನ ನಾಯಕರ ಜೊತೆ ಕುಳಿತು ‘ನಿನ್ನೆ ಏನು ತೀರ್ಮಾನ ಮಾಡಿದೆ? ಯಾಕೆ?’ ಎಂದು ಮಾತಾಡಲು ಒಂದು ಇಡೀ ದಿನ ಸಿಗುತ್ತದೆ. ಎಷ್ಟು ಜನ ಕೈ ಎತ್ತಿದರು ಎಂಬ ಲೆಕ್ಕವನ್ನು ವರದಿಯಲ್ಲಿ ಬರೆಯಬೇಡಿ. ಆ ಸಂಖ್ಯೆ ಒಮ್ಮೆ ಕಾಗದದ ಮೇಲೆ ಬಂದರೆ ಮುಂದಿನ ಶಿಬಿರದ ಪ್ರಸಂಗಿ ಅದನ್ನು ಮೀರಿಸಲು ನೋಡುತ್ತಾನೆ.

ಶಿಬಿರದಲ್ಲೇ ದೀಕ್ಷಾಸ್ನಾನ ಕೊಡುತ್ತಾರೆಯೇ?

ಬೇಡ. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಸಭೆಗಳಿವೆ, ವಿಶ್ವಾಸ ಅರಿಕೆ ಮಾಡಿದವರಿಗಷ್ಟೇ ಕೊಡುವ ಸಭೆಗಳಿವೆ. ಇದು ಅವರವರ ಸಭೆ ಮತ್ತು ಸಭಾಪಾಲಕರ ಮುಂದೆ, ಕುಟುಂಬಕ್ಕೆ ತಿಳಿದು ಆಗಬೇಕಾದ ವಿಷಯ.

ಬೇರೆ ಧರ್ಮದ ಗೆಳೆಯ ಬರಬಹುದೇ?

ಇದು ಕ್ರೈಸ್ತ ಶಿಬಿರ, ಇಲ್ಲಿ ಪ್ರಾರ್ಥನೆ, ಸತ್ಯವೇದ ಪಾಠ ಇರುತ್ತದೆ ಎಂದು ಅವನ ಪೋಷಕರಿಗೆ ಲಿಖಿತವಾಗಿ ತಿಳಿಸಿ, ಅವರು ಸಹಿ ಹಾಕಿ ಒಪ್ಪಿದರೆ ಬರಬಹುದು. ‘ವ್ಯಕ್ತಿತ್ವ ವಿಕಸನ ಶಿಬಿರ’ ಎಂಬ ಹೆಸರಿನಲ್ಲಿ ಕರೆತರುವುದು ಮೋಸ. ಬಂದವನು ಪ್ರಾರ್ಥನೆಯಲ್ಲಿ ಸುಮ್ಮನೆ ಕುಳಿತರೆ ಯಾರೂ ಒತ್ತಾಯಿಸಬಾರದು.

ಮಗಳನ್ನು ಕಳಿಸುವ ಮುಂಚೆ ಏನೇನು ಕೇಳಬೇಕು?

ಸಂಕೋಚವಿಲ್ಲದೆ ಕೇಳಿ. ಪ್ರತಿ ಆರರಿಂದ ಎಂಟು ಮಕ್ಕಳಿಗೆ ಒಬ್ಬ ನಾಯಕರು ಇದ್ದಾರೆಯೇ? ಹುಡುಗಿಯರ ವಸತಿಗೆ ಮಹಿಳಾ ನಾಯಕರು ಇದ್ದಾರೆಯೇ, ಅವರ ಪೂರ್ವಾಪರವನ್ನು ಯಾರು ಪರಿಶೀಲಿಸಿದರು? ಯಾವ ವಯಸ್ಕರೂ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು ಎಂಬ ನಿಯಮ ಲಿಖಿತವಾಗಿದೆಯೇ? ಅದು ಪಾಸ್ಟರಿಗೂ, ಅತಿಥಿ ಪ್ರಸಂಗಿಗೂ ಅನ್ವಯಿಸುತ್ತದೆಯೇ? ನೀರಿನ ಆಟವಿದ್ದರೆ ತರಬೇತಾದ ಜೀವರಕ್ಷಕ ಇದ್ದಾರೆಯೇ? ಹತ್ತಿರದ ಆಸ್ಪತ್ರೆಗೆ ಎಷ್ಟು ನಿಮಿಷ, ರಾತ್ರಿ ವಾಹನ ಇರುತ್ತದೆಯೇ?

‘ನಾವೆಲ್ಲ ವಿಶ್ವಾಸಿಗಳು, ಭಯಪಡಬೇಡಿ’ ಎಂಬುದು ಇವುಗಳಲ್ಲಿ ಒಂದಕ್ಕೂ ಉತ್ತರವಲ್ಲ. ಆ ಉತ್ತರ ಬಂದರೆ ಕಳಿಸಬೇಡಿ.

ಶಿಬಿರದಲ್ಲಿ ಹೇಳಿಕೊಂಡ ಗುಟ್ಟು ಗುಟ್ಟಾಗಿ ಉಳಿಯುತ್ತದೆಯೇ?

ಹೆಚ್ಚಿನವು ಉಳಿಯಬೇಕು. ಆದರೆ ನಾಯಕರು ‘ಯಾರಿಗೂ ಹೇಳುವುದಿಲ್ಲ’ ಎಂದು ಮುಂಗಡ ಮಾತು ಕೊಡಬಾರದು. ಯಾರಾದರೂ ನಿನ್ನನ್ನು ನೋಯಿಸುತ್ತಿದ್ದರೆ, ಅಥವಾ ನೀನು ನಿನ್ನನ್ನೇ ನೋಯಿಸಿಕೊಳ್ಳುವ ಯೋಚನೆಯಲ್ಲಿದ್ದರೆ, ಸಹಾಯ ಮಾಡಬಲ್ಲವರಿಗೆ ತಿಳಿಸಲೇಬೇಕಾಗುತ್ತದೆ ಎಂದು ಮೊದಲೇ ಹೇಳಬೇಕು.

ದೌರ್ಜನ್ಯದ ವಿಷಯ ಹೊರಬಂದರೆ ಪೂರ್ತಿ ಕೇಳಿಸಿಕೊಳ್ಳಿ, ಕೆದಕಿ ಪ್ರಶ್ನೆ ಹಾಕಬೇಡಿ, ‘ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಎನ್ನಿ. ಮಗು ಬಳಸಿದ ಮಾತುಗಳಲ್ಲೇ ಬರೆದಿಟ್ಟು ಅದೇ ದಿನ ಮಕ್ಕಳ ರಕ್ಷಣೆಯ ಹೊಣೆ ಹೊತ್ತವರಿಗೆ ಮತ್ತು ಕಾನೂನು ಹೇಳುವ ಅಧಿಕಾರಿಗಳಿಗೆ ತಿಳಿಸಿ. ಆರೋಪಿಯನ್ನು ಕರೆದು ನೀವೇ ವಿಚಾರಣೆ ಮಾಡಬೇಡಿ, ‘ಕ್ಷಮಿಸಿಬಿಡು’ ಎಂದು ಆ ಮಗುವನ್ನು ಒತ್ತಾಯಿಸಬೇಡಿ. ಸಾಯುವ ಮಾತಾಡಿದವರನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಜೊತೆಗೆ ಪ್ರಾರ್ಥಿಸಿ. ಆದರೆ ಅದನ್ನು ವಿಶ್ವಾಸದ ಕೊರತೆ ಎಂದಾಗಲಿ ದೆವ್ವದ ಕಾಟ ಎಂದಾಗಲಿ ಕರೆಯಬೇಡಿ.

ಔಷಧಿ, ಕಾಯಿಲೆ?

ಮಾತ್ರೆಗಳು ಮೂಲ ಪೊಟ್ಟಣದಲ್ಲಿ, ಹೆಸರು ಮತ್ತು ಹೊತ್ತು ಬರೆದು, ಆರೋಗ್ಯ ನೋಡಿಕೊಳ್ಳುವವರ ಕೈಯಲ್ಲಿ. ಆಸ್ತಮಾದ ಇನ್ಹೇಲರ್ ಮತ್ತು ತೀವ್ರ ಅಲರ್ಜಿಯ ಚುಚ್ಚುಮದ್ದು ಮಾತ್ರ ಸದಾ ಆ ವ್ಯಕ್ತಿಯ ಬಳಿಯೇ ಇರಬೇಕು. ಶಿಬಿರಗಳಲ್ಲಿ ಬೇಗ ಹರಡುವುದು ವಾಂತಿಭೇದಿ. ಊಟಕ್ಕೆ ಮುಂಚೆ, ಶೌಚದ ನಂತರ ಸಾಬೂನಿನಿಂದ 20 ಸೆಕೆಂಡು ಕೈ ತೊಳೆಯಬೇಕು. ಸ್ಯಾನಿಟೈಜರ್ ಸಾಲದು, ಇದಕ್ಕೆ ಕಾರಣವಾಗುವ ನೋರೋವೈರಸ್ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಭೇದಿಯಾದವರು ಅದು ನಿಂತ ಮೇಲೂ 48 ಗಂಟೆ ಅಡುಗೆ, ಬಡಿಸುವ ಕೆಲಸಕ್ಕೆ ಹೋಗಬಾರದು.

ಆರಾಧನೆಯ ಹಾಡುಗಳನ್ನು ಹೇಗೆ ಆರಿಸುವುದು?

ಇಡೀ ಶಿಬಿರಕ್ಕೆ ಹೊಸ ಹಾಡು ಎರಡೇ ಸಾಕು, ಉಳಿದವು ಎಲ್ಲರಿಗೂ ಬರುವಂಥವು. ವೇದಿಕೆಯಲ್ಲಿರುವವರ ಕಂಠಕ್ಕೆ ಒಪ್ಪುವ ಶ್ರುತಿ ಸಭೆಗೆ ಹೆಚ್ಚಾಗಿ ಎತ್ತರವಾಗುತ್ತದೆ, ಒಂದೆರಡು ಸ್ವರ ಇಳಿಸಿ. ಪ್ರತಿ ಆರಾಧನೆಯಲ್ಲೂ ಒಂದು ಹಾಡು ವಾದ್ಯವಿಲ್ಲದೆ ಇರಲಿ. ಆಗ ಪಕ್ಕದವರ ದನಿ ಕೇಳಿಸುತ್ತದೆ.

ಏನೇನು ತರಬೇಕು?

ಅಚ್ಚಿನ ಸತ್ಯವೇದ, ನೋಟ್‌ಬುಕ್, ಎರಡು ಪೆನ್ನು, ಟಾರ್ಚ್, ನೀರಿನ ಬಾಟಲಿ, ಹೊದಿಕೆ, ಕೆಸರಾದರೂ ಪರವಾಗಿಲ್ಲ ಎನ್ನುವ ಒಂದು ಜೊತೆ ಬಟ್ಟೆ, ಸ್ನಾನದ ಸಾಮಾನು, ನಿಮ್ಮ ಔಷಧಿ. ಬೆಲೆಬಾಳುವುದನ್ನು ಮನೆಯಲ್ಲೇ ಬಿಡಿ.

ಶಿಬಿರದ ಉತ್ಸಾಹ ಹತ್ತು ದಿನದಲ್ಲಿ ಆರಿಹೋಗುತ್ತದೆ. ಏನು ಮಾಡುವುದು?

ಉತ್ಸಾಹ ಆರುತ್ತದೆ, ಅದನ್ನು ಹಿಡಿದಿಡಲು ಹೋಗಬೇಡಿ. ಶಿಬಿರದಲ್ಲಿ ಎಬ್ಬಿಸಲು ಗಂಟೆ ಇತ್ತು, ಜೊತೆಗೆ ಕೂರಲು ಗೆಳೆಯರಿದ್ದರು, ಫೋನು ಇರಲಿಲ್ಲ. ಮನೆಯಲ್ಲಿ ಈ ಮೂರೂ ತಿರುವುಮುರುವು. ಸೋಲುವುದು ಇಲ್ಲಿಯೇ, ಆದ್ದರಿಂದ ದುರಸ್ತಿಯೂ ಇಲ್ಲಿಯೇ ಆಗಬೇಕು.

ಹೊರಡುವ ಮುಂಚೆ ಒಂದು ಕಾಗದದಲ್ಲಿ ಬರೆಯಿರಿ: ಮನೆಯಲ್ಲಿ ಯಾವ ಜಾಗ, ದಿನದ ಯಾವ ಕೆಲಸ ಮುಗಿದ ಕೂಡಲೇ, ಎಷ್ಟು ನಿಮಿಷ. ಶಿಬಿರದ 25 ನಿಮಿಷವನ್ನು ಮನೆಯಲ್ಲಿ 10ಕ್ಕೆ ಇಳಿಸಿ. ಬೆಳಿಗ್ಗೆ ಓದು ಮುಗಿಯುವವರೆಗೆ ಫೋನು ಬೇರೆ ಕೋಣೆಯಲ್ಲಿರಲಿ. ಒಬ್ಬ ಜೊತೆಗಾರನನ್ನು ಆರಿಸಿಕೊಂಡು ವಾರಕ್ಕೊಮ್ಮೆ, ಗೊತ್ತಾದ ದಿನ, ಎರಡೇ ಪ್ರಶ್ನೆ ಕೇಳಿಕೊಳ್ಳಿ: ಏನು ಓದಿದೆ? ಎಲ್ಲಿ ಎಡವಿದೆ?

2009ರಲ್ಲಿ ಪ್ರಕಟವಾದ ಲಂಡನ್ ಯೂನಿವರ್ಸಿಟಿ ಕಾಲೇಜಿನ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನದವರೆಗೆ ಬೇಕೆಂದು ಅಂದಾಜಿಸಲಾಯಿತು. ಅದಕ್ಕಿಂತ ಮುಖ್ಯವಾಗಿ, ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ತಪ್ಪಿದ ದಿನದ ಬಾಕಿ ತೀರಿಸಲು ಹೋಗದೆ ಇಂದಿನ ಭಾಗದಿಂದ ಮುಂದುವರಿಯಿರಿ. ಮಾರ್ಕನ 16 ಅಧ್ಯಾಯಗಳನ್ನು ದಿನಕ್ಕೆ ಅರ್ಧದಂತೆ ಓದಿದರೆ 32 ದಿನ. ಆಮೇಲೆ ಫಿಲಿಪ್ಪಿ, ಯಾಕೋಬ.

ಗುಂಪಿನ ನಾಯಕರು ಶಿಬಿರ ಮುಗಿದ 48 ಗಂಟೆಯೊಳಗೆ ಒಮ್ಮೆ, ಮೂರನೇ ವಾರ ಒಮ್ಮೆ, ಆರನೇ ವಾರ ಒಮ್ಮೆ ಪ್ರತಿಯೊಬ್ಬರನ್ನೂ ಮಾತಾಡಿಸಬೇಕು. ಹದಿನೆಂಟರ ಕೆಳಗಿನವರಾದರೆ ಪೋಷಕರಿಗೆ ತಿಳಿದಿರುವಂತೆ. ಈ ಮೂರು ಕರೆಗಳಿಗೆ ಸಮಯ ಕೊಡಲಾಗದವರನ್ನು ನಾಯಕರಾಗಿ ಆರಿಸಬೇಡಿ.

ಮಗ ವಾಪಸ್ ಬಂದ ದಿನ ನಾವು ಏನು ಕೇಳಬೇಕು?

ಮೊದಲು ಊಟ, ನಿದ್ದೆ. ‘ಬದಲಾಗಿ ಬಂದೆಯಾ?’ ಎಂದು ಆ ರಾತ್ರಿಯೇ ಕೇಳಬೇಡಿ. ಮರುದಿನ ಅವನ ನೋಟ್‌ಬುಕ್ ತೆರೆಯದೆ, ಅವನು ಕಲಿತ ನಾಲ್ಕು ವಾಕ್ಯಗಳಲ್ಲಿ ಒಂದನ್ನು ಹೇಳಿಕೊಡುವಂತೆ ಕೇಳಿ. ಬೆಳಿಗ್ಗೆ ಅವನು ಹತ್ತು ನಿಮಿಷ ಕೂರುವ ಹೊತ್ತಿಗೆ ಮನೆಯಲ್ಲಿ ಟಿವಿ ಹಾಕಬೇಡಿ, ಆ ಹತ್ತು ನಿಮಿಷ ಅಂಗಡಿಗೂ ಕಳಿಸಬೇಡಿ. ಸಾಧ್ಯವಾದರೆ ನೀವೂ ಅದೇ ಹೊತ್ತಿಗೆ ನಿಮ್ಮ ಸತ್ಯವೇದ ತೆರೆದು ಕುಳಿತುಕೊಳ್ಳಿ.